ದಿನನಿತ್ಯದ ಓಡಾಟಕ್ಕೆ ಪಿಕಪ್ಪೋ, ಬ್ಯಾಟರಿ ವಾಹನವೋ? – ತೋಟಗಾರರಿಗೊಂದು ಲೆಕ್ಕದ ಪಾಠ



ಅಡಿಕೆಗೆ ನಾಲ್ಕು ಕಾಸು ಹೆಚ್ಚು ಧಾರಣೆ ಬಂದ ವರ್ಷ ನಮ್ಮ ಮನಸ್ಸು ಮೊದಲು ಹೋಗುವುದು ವಾಹನದ ಕಡೆಗೆ. ಅಂಬಲಪಾಡಿ ಬೈಪಾಸಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಕಾಪು ಕಡೆಯಿಂದಲೂ ಮಣಿಪಾಲ ಕಡೆಯಿಂದಲೂ ಬರುವ ಹೊಸ ಹೊಸ ಬಂಡಿಗಳ ಸಾಲು ಕಾಣುತ್ತದೆ. ಸಂಘದ ಕಚೇರಿಗೆ ಬರುವ ಸದಸ್ಯರು ಈಚೆಗೆ ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯೂ ಇದೇ: “ಒಂದು ದೊಡ್ಡ ಪಿಕಪ್ ತೆಗೆದರೆ ಹೇಗೆ? ಅಥವಾ ಎಲ್ಲರೂ ಹೇಳುವ ಹಾಗೆ ಬ್ಯಾಟರಿಯದ್ದೇ ಒಳ್ಳೆಯದೋ?”

ಈ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಆದರೆ ಉತ್ತರ ಕಂಡುಕೊಳ್ಳುವ ಕ್ರಮ ಮಾತ್ರ ಎಲ್ಲರಿಗೂ ಒಂದೇ. ಅದೇನೆಂದರೆ, ವರ್ಷದಲ್ಲಿ ಮುನ್ನೂರು ದಿನ ನಾವು ಮಾಡುವ ಕೆಲಸಕ್ಕೆ ತಕ್ಕ ವಾಹನವನ್ನು ಕೊಳ್ಳಬೇಕು. ಹದಿನೈದು ದಿನ ಮಾತ್ರ ಬರುವ ಕೆಲಸಕ್ಕೆ ಬಾಡಿಗೆಯ ವಾಹನ ತರಿಸಬೇಕು. ನಮ್ಮಲ್ಲಿ ಅನೇಕರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ವರ್ಷಕ್ಕೆ ನಾಲ್ಕು ಸಲ ಬರುವ ಹೊರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂಡಿ ಕೊಂಡು, ಉಳಿದ ದಿನಗಳಲ್ಲಿ ಅದರಲ್ಲಿ ಒಬ್ಬರೇ ಕುಳಿತು ಪೇಟೆಗೆ ಹೋಗಿ ಬರುತ್ತಾರೆ. ಇದರ ಲಾಭ ನಷ್ಟವನ್ನು ಅಂಕೆಗಳ ಮೂಲಕವೇ ನೋಡೋಣ.

ಮೊದಲನೆಯದು: ಹೊರೆಯ ಲೆಕ್ಕ

ಎರಡೆಕರೆ ಅಡಿಕೆ ತೋಟವಿರುವ ಒಬ್ಬ ಸದಸ್ಯರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2.7 ಮೀಟರು ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳು ಹಿಡಿಯುತ್ತವೆ. ಮರವೊಂದಕ್ಕೆ ಸುಮಾರು 2 ಕಿಲೋ ಚಾಲಿ ಎಂದರೆ ಒಳ್ಳೆಯ ಫಸಲೇ ಸರಿ. ಸಾಯುವ ಮರ, ಹೊಸ ಗಿಡ ಎಲ್ಲ ಕಳೆದು ಎಕರೆಗೆ 10 ಕ್ವಿಂಟಲ್ ಎಂದು ಹಿಡಿದರೆ ಎರಡೆಕರೆಗೆ 20 ಕ್ವಿಂಟಲ್ ಆಯಿತು. ಎಂದರೆ ವರ್ಷವಿಡೀ ದುಡಿದ ಫಸಲೆಲ್ಲ ಸೇರಿ 2 ಟನ್! ಒಂದು ಸಾಧಾರಣ ಪಿಕಪ್ಪಿಗೆ ಇದು ಎರಡು ಹೊರೆ. ನಾವಾದರೂ ಅಷ್ಟನ್ನೂ ಒಮ್ಮೆಗೇ ಮಾರುವುದಿಲ್ಲ. ಅಟ್ಟದಲ್ಲಿಟ್ಟು, ಧಾರಣೆ ನೋಡಿ, ಮನೆಯ ಗರಜು ನೋಡಿ, ನಾಲ್ಕೈದು ಸಲ ಸಾಗಿಸುತ್ತೇವೆ.

ಇನ್ನು ಗೊಬ್ಬರ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಸದಸ್ಯರಿಗೆ ಗೊತ್ತಿರುವುದೇ. ಅದನ್ನು ಯೂರಿಯಾ, ಶಿಲಾರಂಜಕ, ಮ್ಯೂರಿಯೇಟ್ ಆಫ್ ಪೊಟ್ಯಾಷ್‌ಗಳಾಗಿ ಲೆಕ್ಕ ಹಾಕಿದರೆ ಮರಕ್ಕೆ ಸುಮಾರು 650 ಗ್ರಾಂ ಆಗುತ್ತದೆ. ಎರಡೆಕರೆಗೆ 7 ಕ್ವಿಂಟಲಿನಷ್ಟು, ಎಂದರೆ ಒಂದೇ ಹೊರೆ. ಹಟ್ಟಿಗೊಬ್ಬರ ಮರಕ್ಕೆ 12 ಕಿಲೋ ಎಂದರೆ 13 ಟನ್ ಬೇಕು. ಇದನ್ನು ಹೊರಗಿನಿಂದ ತರಿಸುವವರಿಗೆ ಪಿಕಪ್ಪಿನಲ್ಲಿ ಎಂಟು ಹತ್ತು ಸಲ ಓಡುವುದಕ್ಕಿಂತ ಟಿಪ್ಪರಿನಲ್ಲಿ ಎರಡು ಮೂರು ಲೋಡು ಹಾಕಿಸುವುದೇ ಸಲೀಸು. ಸೊಪ್ಪು ಕುಮ್ಕಿಯ ಗುಡ್ಡೆಯಿಂದ ತಲೆಹೊರೆಯಲ್ಲಿ ಬರುತ್ತದೆ. ಮೈಲುತುತ್ತು, ಸುಣ್ಣಗಳಿಗೆ ಸ್ಕೂಟರಿನ ಮುಂಭಾಗವೇ ಸಾಕು. ಪೈಪು, ಸಿಮೆಂಟು, ಕೆಂಪುಕಲ್ಲು ಮೊದಲಾದ ಬಿಡಿ ಕೆಲಸಗಳಿಗೆ ಏಳೆಂಟು ಬಾಡಿಗೆ ಸೇರಿಸಿದರೂ ವರ್ಷಕ್ಕೆ ಒಟ್ಟು ಹದಿನೈದರಿಂದ ಹದಿನೆಂಟು ಹೊರೆ ಮಾತ್ರ.

ಉಳಿದ ದಿನಗಳಲ್ಲಿ ಏನು? ಡೈರಿಗೆ ಹಾಲು, ಮಕ್ಕಳ ಶಾಲೆ, ಬ್ಯಾಂಕು, ಸಂಘದ ಕಚೇರಿ, ಮದ್ದಿನಂಗಡಿ, ಮದುವೆ ಮುಂಜಿ. ಕಾಪುವಿನಿಂದ ಉಡುಪಿಗೆ ಹೋಗಿ ಬಂದರೆ ಸುಮಾರು 26 ಕಿ.ಮೀ.; ಮಣಿಪಾಲದಿಂದಾದರೆ 12; ಕಾರ್ಕಳದಿಂದಾದರೆ 76. ಇವುಗಳಲ್ಲಿ ಯಾವುದಕ್ಕೂ ಒಂದೂವರೆ ಟನ್ ಹೊರುವ ಬಂಡಿ ಬೇಕಾಗಿಲ್ಲ.

ಎರಡನೆಯದು: ಪಿಕಪ್ಪಿನ ಲೆಕ್ಕ

ಕೆಳಗೆ ಕೊಟ್ಟಿರುವ ಬೆಲೆಗಳು ಲೆಕ್ಕ ಕಲಿಯುವುದಕ್ಕೆ ಹಿಡಿದ ದುಂಡು ಅಂಕೆಗಳು. ಸದಸ್ಯರು ತಮ್ಮ ಊರಿನ ದರವನ್ನು ಅಲ್ಲಿ ತುಂಬಿಕೊಳ್ಳಬೇಕು.

ಪಿಕಪ್ಪಿಗೆ 10 ಲಕ್ಷ ರೂ. ಎನ್ನೋಣ. 2 ಲಕ್ಷ ಕೈಯಿಂದ, 8 ಲಕ್ಷ ಶೇಕಡಾ 10ರ ಬಡ್ಡಿಯಲ್ಲಿ 5 ವರ್ಷದ ಸಾಲ. ತಿಂಗಳ ಕಂತು ಸುಮಾರು 17,000 ರೂ.; ಐದು ವರ್ಷಕ್ಕೆ 10,20,000 ರೂ. ವಿಮೆ, ಫಿಟ್‌ನೆಸ್ ಪತ್ರ, ಟಯರು, ರಿಪೇರಿಗಳಿಗೆ ವರ್ಷಕ್ಕೆ 50,000ದಂತೆ 2,50,000 ರೂ. ಕೈಯಿಂದ ಕೊಟ್ಟದ್ದೂ ಸೇರಿ ಒಟ್ಟು 14,70,000 ರೂ. ಐದು ವರ್ಷದ ಮೇಲೆ ಬಂಡಿ ಮಾರಿದರೆ 4,50,000 ರೂ. ಬಂದೀತು. ಕಳೆದು ಉಳಿದದ್ದು 10,20,000. ವರ್ಷಕ್ಕೆ 2,04,000 ರೂ. ಇದು ಬಂಡಿ ಅಂಗಳದಲ್ಲಿ ನಿಂತಿದ್ದರೂ ತೆರಬೇಕಾದ ಖರ್ಚು.

ಬಾಡಿಗೆಗೆ ಒಂದು ಹೊರೆಗೆ 2,500 ರೂ. ಎಂದು ಹಿಡಿಯೋಣ. ಸ್ವಂತ ಬಂಡಿಯಾದರೆ 60 ಕಿ.ಮೀ. ಓಟಕ್ಕೆ ಡೀಸೆಲ್ಲೇ 450 ರೂ. ಆದೀತು. ಆದುದರಿಂದ ಪ್ರತಿ ಹೊರೆಗೆ ಉಳಿಯುವುದು 2,050 ರೂ. 2,04,000ವನ್ನು ಇದರಿಂದ ಭಾಗಿಸಿದರೆ ಬರುವ ಅಂಕೆ ಸುಮಾರು 100. ವರ್ಷಕ್ಕೆ ನೂರು ಹೊರೆ ಇದ್ದವನಿಗೆ ಮಾತ್ರ ಪಿಕಪ್ ಗಿಟ್ಟುತ್ತದೆ. ನಮ್ಮ ಎರಡೆಕರೆಯ ಸದಸ್ಯರಿಗಿರುವುದು ಹದಿನೆಂಟು. ಅದಷ್ಟಕ್ಕೂ ಬಾಡಿಗೆ ಕೊಟ್ಟರೆ 45,000 ರೂ.ಗೆ ಮುಗಿಯಿತು.

ಇದನ್ನೇ ಅಡಿಕೆಯಲ್ಲಿ ಅಳೆದರೆ ಚೆನ್ನಾಗಿ ತಿಳಿಯುತ್ತದೆ. ಚಾಲಿಗೆ ಕಿಲೋಗೆ 400 ರೂ. ಎಂದು ಹಿಡಿದರೆ 2,04,000 ರೂ. ಎಂದರೆ 5 ಕ್ವಿಂಟಲ್ ಚಾಲಿ. 20 ಕ್ವಿಂಟಲಿನಲ್ಲಿ ಕಾಲುಭಾಗವನ್ನು ಬಂಡಿಯೇ ತಿಂದಿತು. ಆ ವರ್ಷ ಆಷಾಢದ ಮಳೆ ಬಿಡದೆ ಹೊಡೆದು, ಮದ್ದು ಬಿಡಲು ಹವೆ ಸಿಗದೆ, ಕೊಳೆರೋಗ ಅರ್ಧ ಫಸಲನ್ನು ಉದುರಿಸಿದರೆ? ಕಂತು ಅರ್ಧವಾಗುವುದಿಲ್ಲ. ಎಲೆಚುಕ್ಕೆ ರೋಗ ತೋಟಕ್ಕೆ ಹೊಕ್ಕರೆ ಒಂದು ವರ್ಷಕ್ಕೆ ಮುಗಿಯುವ ಮಾತಲ್ಲ. ಕಂತು ತಪ್ಪಿದವನು ಮೊದಲು ಗೊಬ್ಬರ ಕಡಿಮೆ ಮಾಡುತ್ತಾನೆ, ಆಮೇಲೆ ಮದ್ದು ಒಂದು ಸಲ ಬಿಡುತ್ತಾನೆ, ಕೊನೆಗೆ ಮನೆಯ ಚಿನ್ನ ಅಡವಿಡುತ್ತಾನೆ. ವಾಹನದ ಆಯ್ಕೆ ಬರೇ ಅಂತಸ್ತಿನ ವಿಷಯವಲ್ಲ, ತೋಟದ ಆರೋಗ್ಯದ ವಿಷಯ ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಹೈಲಕ್ಸ್, ವಿ-ಕ್ರಾಸ್‌ಗಳಂತಹ ಐಷಾರಾಮಿ ಪಿಕಪ್‌ಗಳ ಮಾತು ಬೇರೆ. ಇವು 5.2 ಮೀಟರಿಗೂ ಹೆಚ್ಚು ಉದ್ದ. ಬೆಲೆ ಸಾಮಾನ್ಯ ಪಿಕಪ್ಪಿನ ಎರಡು ಮೂರು ಪಟ್ಟು. ಬೈಲಿನ ನಡುವಣ ಎಂಟು ಅಡಿಯ ದಾರಿಯಲ್ಲಿ ಎದುರಿನಿಂದ ಇನ್ನೊಂದು ಬಂಡಿ ಬಂದರೆ ಹಿಂದೆ ಹೋಗುವುದು ಯಾರು? ಅಮೆರಿಕದಲ್ಲಿ ಇಂಥ ದೊಡ್ಡ ಬಂಡಿಗಳೇ ಮನೆಮನೆಯ ವಾಹನ. ಅಲ್ಲಿಯ ರಸ್ತೆ, ಅಲ್ಲಿಯ ದೂರ, ಅಲ್ಲಿಯ ಆದಾಯ ಬೇರೆ. ಅದನ್ನು ನೋಡಿ ನಾವು ಅಳತೆ ಹಾಕುವಂತಿಲ್ಲ.

ಕಾನೂನಿನ ಎರಡು ವಿಷಯವನ್ನೂ ನೆನಪಿನಲ್ಲಿಡಬೇಕು. 7,500 ಕಿಲೋ ಒಟ್ಟು ತೂಕದೊಳಗಿನ ಸರಕು ವಾಹನವನ್ನು ಲಘುವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಇದು ಸಮಾಧಾನದ ಸಂಗತಿ. ಆದರೆ ಸರಕು ವಾಹನದ ಹಿಂಬದಿಯಲ್ಲಿ ಕೆಲಸದಾಳುಗಳನ್ನು ಕೂರಿಸಿಕೊಂಡು ಹೋಗುವುದು ಅಪರಾಧ. ಅವಘಡವಾದರೆ ವಿಮೆಯ ಹಣಕ್ಕೂ ತೊಡಕು ಬರುತ್ತದೆ. “ಆಳುಗಳನ್ನು ತರಲಿಕ್ಕೂ ಆಯಿತಲ್ಲ” ಎಂದು ಪಿಕಪ್ ಕೊಳ್ಳುವವರು ಇದನ್ನು ಮರೆಯಬಾರದು.

ಮೂರನೆಯದು: ಬ್ಯಾಟರಿ ವಾಹನದ ಲೆಕ್ಕ

ಬ್ಯಾಟರಿ ವಾಹನ ನಿನ್ನೆ ಮೊನ್ನೆಯದಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಪೇಟೆಗಳಲ್ಲಿ ಅದು ಪೆಟ್ರೋಲು ಕಾರಿಗೆ ಸರಿಸಾಟಿಯಾಗಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದು, ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿದ ಮೇಲೆ ಪೆಟ್ರೋಲಿನದು ಮೇಲುಗೈಯಾಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ರೇವಾ ಎಂಬ ಪುಟ್ಟ ಕಾರು 2001ರಲ್ಲಿ ರಸ್ತೆಗಿಳಿಯಿತು. ಬ್ಯಾಟರಿ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯವೂ ಕರ್ನಾಟಕವೇ, ಅದು 2017ರಲ್ಲಿ.

ಸ್ಕೂಟರಿನಿಂದ ತೊಡಗೋಣ. ದಿನಕ್ಕೆ 25 ಕಿ.ಮೀ., ವರ್ಷಕ್ಕೆ 300 ದಿನ. ಒಟ್ಟು 7,500 ಕಿ.ಮೀ. ಪೆಟ್ರೋಲು ಸ್ಕೂಟರು ಲೀಟರಿಗೆ 45 ಕಿ.ಮೀ. ಕೊಟ್ಟರೆ, ಲೀಟರಿಗೆ 100 ರೂ.ನಂತೆ ವರ್ಷಕ್ಕೆ ಸುಮಾರು 16,600 ರೂ. ಬ್ಯಾಟರಿ ಸ್ಕೂಟರಿಗೆ 100 ಕಿ.ಮೀ.ಗೆ ಗೋಡೆಯ ಪ್ಲಗ್ಗಿನಿಂದ ಸುಮಾರು 4 ಯೂನಿಟ್ ಬೇಕು. ವರ್ಷಕ್ಕೆ 300 ಯೂನಿಟ್. ಯೂನಿಟ್‌ಗೆ 7 ರೂ. ಎಂದರೂ 2,100 ರೂ. ಉಳಿತಾಯ 14,500 ರೂ. ಕೊಳ್ಳುವಾಗ 30,000 ರೂ. ಹೆಚ್ಚು ಬಿದ್ದರೂ ಎರಡು ವರ್ಷದಲ್ಲಿ ಬಂದುಹೋಯಿತು. ಆದರೆ ಏಳೆಂಟು ವರ್ಷದ ಮೇಲೆ ಬ್ಯಾಟರಿ ಬದಲಿಸಬೇಕಾದಾಗ ದೊಡ್ಡ ಮೊತ್ತ ಬೇಕು. ಆದಕಾರಣ ಉಳಿತಾಯದ ಅರ್ಧವನ್ನು ಪ್ರತಿ ತಿಂಗಳೂ ಸಂಘದಲ್ಲಿ ಆವರ್ತನ ಠೇವಣಿಯಾಗಿ ಇಡುವುದು ಬುದ್ಧಿವಂತಿಕೆ.

ಕಾರಿನ ಲೆಕ್ಕ ಇಷ್ಟು ಸಲೀಸಲ್ಲ. ಅದೇ 7,500 ಕಿ.ಮೀ.ಗೆ, ಲೀಟರಿಗೆ 16 ಕಿ.ಮೀ. ಓಡುವ ಪೆಟ್ರೋಲು ಕಾರಿಗೆ 47,000 ರೂ. ಬೇಕು. ಬ್ಯಾಟರಿ ಕಾರಿಗೆ 100 ಕಿ.ಮೀ.ಗೆ 17 ಯೂನಿಟ್‌ನಂತೆ 9,000 ರೂ. ಉಳಿತಾಯ 38,000 ರೂ. ಆದರೆ ಬೆಲೆಯಲ್ಲಿ 3 ಲಕ್ಷ ವ್ಯತ್ಯಾಸವಿದ್ದರೆ ಅದು ತೀರಲು ಎಂಟು ವರ್ಷ ಬೇಕಾಯಿತು! ಕಾರುಗಳ ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ಖಾತರಿಯೂ 8 ವರ್ಷ ಅಥವಾ 1,60,000 ಕಿ.ಮೀ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲು ಕಾರುಗಳ ತೆರಿಗೆ ಶೇಕಡಾ 18ಕ್ಕೆ ಇಳಿದ ಮೇಲೆ ಈ ಅಂತರ ಇನ್ನಷ್ಟು ಎದ್ದು ಕಾಣುತ್ತದೆ. ದಿನಕ್ಕೆ 50 ಕಿ.ಮೀ. ಓಡುವವರಿಗಾದರೆ ನಾಲ್ಕೇ ವರ್ಷ. ಬ್ಯಾಟರಿ ಕಾರು ಓಡಿದಷ್ಟು ಲಾಭ, ನಿಂತಷ್ಟು ನಷ್ಟ. ಕಾರ್ಕಳದಿಂದ ಉಡುಪಿಗೆ ದಿನವೂ ಉದ್ಯೋಗಕ್ಕೆ ಬರುವ ಮಗನಿಗೆ ಅದು ಸರಿ. ವಾರಕ್ಕೊಮ್ಮೆ ಪೇಟೆಗೆ ಹೋಗುವ ತಂದೆಗೆ ಅಲ್ಲ.

ಬ್ಯಾಟರಿಯ ಸರಕು ವಾಹನಗಳೂ ಬಂದಿವೆ. ಟಾಟಾ ಏಸ್‌ನ ಬ್ಯಾಟರಿ ಮಾದರಿ 2022ರಲ್ಲಿ ಬಂತು, 21.3 ಯೂನಿಟ್ ಹಿಡಿಯುವ ಬ್ಯಾಟರಿ, 600 ಕಿಲೋ ಹೊರೆ, ಒಂದು ಚಾರ್ಜಿಗೆ 154 ಕಿ.ಮೀ. ಎಂಬುದು ಕಂಪೆನಿಯ ಹೇಳಿಕೆ. 2024ರಲ್ಲಿ ಒಂದು ಟನ್ ಹೊರುವ ಮಾದರಿಯೂ ಬಂದಿದೆ. ಹೇಳಿದ ದೂರದಲ್ಲಿ ಮೂರನೇ ಎರಡು ಪಾಲನ್ನು ಮಾತ್ರ ನಂಬುವುದು ಕ್ಷೇಮ: 154 ಎಂದರೆ 100. ಏರು, ಹೊರೆ, ಮಳೆಯ ರಸ್ತೆ ಎಲ್ಲಕ್ಕೂ ಬ್ಯಾಟರಿಯೇ ತೆರಬೇಕು. ದಿನವೂ ಒಂದೇ ದಾರಿಯಲ್ಲಿ ತರಕಾರಿ, ಹಾಲು, ಎಳನೀರು ಸಾಗಿಸುವವರಿಗೆ ಇವು ಹೇಳಿ ಮಾಡಿಸಿದಂತಿವೆ; ವರ್ಷಕ್ಕೆ ಹದಿನೆಂಟು ಹೊರೆಯವರಿಗೆ ಇವೂ ಬೇಡ.

ನಾಲ್ಕನೆಯದು: ಘಟ್ಟದ ಲೆಕ್ಕ

ಘಟ್ಟದ ಮೇಲಿನ ಕಾಫಿ ಸದಸ್ಯರೂ ಈ ಪತ್ರಿಕೆಯನ್ನು ಓದುತ್ತಾರೆ. ಅವರಿಗಾಗಿ ಈ ಭಾಗ. ಒಂದು ಟನ್ ತೂಕವನ್ನು 100 ಮೀಟರು ಮೇಲಕ್ಕೆ ಎತ್ತಲು ಸುಮಾರು 0.27 ಯೂನಿಟ್ ವಿದ್ಯುತ್ ಬೇಕು. ಇದು ಪ್ರಕೃತಿಯ ನಿಯಮ, ಯಾವ ಕಂಪೆನಿಯೂ ಇದರಲ್ಲಿ ರಿಯಾಯಿತಿ ಕೊಡಲಾರದು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರದಲ್ಲಿದೆ. ಸರಕು ಸೇರಿ 2 ಟನ್ ತೂಗುವ ವಾಹನ ಉಡುಪಿಯಿಂದ ಅಲ್ಲಿಗೆ ಏರಬೇಕಾದರೆ, ಮುಂದಕ್ಕೆ ಓಡುವ ಖರ್ಚು ಬಿಟ್ಟು ಏರುವುದಕ್ಕೇ 3.5 ಯೂನಿಟ್ ಬೇಕು. ಮೋಟಾರಿನಲ್ಲಿ ಪೋಲಾಗುವುದನ್ನು ಸೇರಿಸಿದರೆ 4 ದಾಟುತ್ತದೆ. ಎಂದರೆ 21 ಯೂನಿಟಿನ ಬ್ಯಾಟರಿಯಲ್ಲಿ ಐದನೇ ಒಂದು ಪಾಲು ಏರಿಗೇ ಹೋಯಿತು. ಮರಳಿ ಇಳಿಯುವಾಗ ಮೋಟಾರು ಡೈನಮೋದಂತೆ ತಿರುಗಿ ಸ್ವಲ್ಪ ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ, ಬ್ರೇಕೂ ಕಾಯುವುದಿಲ್ಲ. ಇದು ಬ್ಯಾಟರಿ ವಾಹನದ ದೊಡ್ಡ ಗುಣ. ಆದರೂ ಹೋಗಿ ಬರುವ ನೂರಕ್ಕೂ ಮಿಕ್ಕಿದ ಕಿ.ಮೀ.ಗಳನ್ನು ಹೊರೆಯೊಂದಿಗೆ ಒಂದೇ ಚಾರ್ಜಿನಲ್ಲಿ ಮುಗಿಸುತ್ತೇವೆಂದು ಹೊರಡುವುದು ತರವಲ್ಲ.

ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ. ಆಸ್ಪತ್ರೆಯ ಗರಜು ಬಂದರೆ ಕಾಯುವಂತಿಲ್ಲ. ಕಾಫಿ ಕೊಯ್ಲಿನ ಎರಡು ಮೂರು ತಿಂಗಳು ಹಣ್ಣಿನ ಹೊರೆ ದಿನವೂ ಇರುತ್ತದೆ. ಆದುದರಿಂದ ಅಲ್ಲಿಯವರು ಡೀಸೆಲಿನ ಜೀಪನ್ನೋ ಪಿಕಪ್ಪನ್ನೋ ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆ. ಘಟ್ಟದ ಕೆಳಗಿನ ನಾವು ಅದನ್ನು ನೋಡಿ ಆಸೆಪಡುವುದರಲ್ಲಿ ಅರ್ಥವಿಲ್ಲ.

ಐದನೆಯದು: ಚಾರ್ಜು ಮಾಡುವಾಗ ಎಚ್ಚರ

1. ಪಂಪುಸೆಟ್ಟಿನ ಲೈನಿನಿಂದ ವಾಹನಕ್ಕೆ ಚಾರ್ಜು ಮಾಡಲೇಬಾರದು. 10 ಅಶ್ವಶಕ್ತಿಯವರೆಗೆ ಸರಕಾರ ಉಚಿತವಾಗಿ ಕೊಡುವ ವಿದ್ಯುತ್ತು ನೀರಾವರಿಗೆ ಮಾತ್ರ. ಸಿಕ್ಕಿಬಿದ್ದರೆ ದಂಡ.

2. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಲಾಭ ಪಡೆಯುವವರು ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸ್ಕೂಟರಿಗೆ ತಿಂಗಳಿಗೆ 25 ಯೂನಿಟ್ ಸಾಕು. ಕಾರಿಗೆ ನೂರಕ್ಕೂ ಹೆಚ್ಚು ಹೋಗುತ್ತದೆ. ಮೊದಲು ಹಳೆಯ ಬಿಲ್ಲುಗಳನ್ನು ತೆಗೆದು ನೋಡಿರಿ.

3. ಅರ್ತಿಂಗ್ ಸರಿಯಿಲ್ಲದ ಹಳೆಯ ಮನೆಯಲ್ಲಿ ಮೊದಲು ವೈರಿಂಗ್ ಸರಿಪಡಿಸಿ, 15 ಆಂಪಿಯರಿನ ಪ್ರತ್ಯೇಕ ಪ್ಲಗ್ ಹಾಕಿಸಬೇಕು. ಅಂಥ ಪ್ಲಗ್ಗಿನಲ್ಲಿ ಗಂಟೆಗೆ 3 ಯೂನಿಟ್ ಹೋಗುವುದರಿಂದ ಸಣ್ಣ ಸರಕು ವಾಹನಕ್ಕೆ ರಾತ್ರಿ ಏಳು ಗಂಟೆ ಬೇಕು.

4. ಚಾಲಿ ಪೇರಿಸಿದ ಕೋಣೆ, ಕಟ್ಟಿಗೆ ಕೊಟ್ಟಿಗೆ, ಬೈಹುಲ್ಲಿನ ಹತ್ತಿರ ಚಾರ್ಜು ಬೇಡ. ಬೆಂಕಿಯ ಸಂಭವ ವಿರಳವಾದರೂ ವರ್ಷದ ಫಸಲನ್ನು ಪಣಕ್ಕಿಡುವಂತಿಲ್ಲ.

5. ಪತ್ತನಾಜೆಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಮೋಡ ಕಂಡೊಡನೆ ಪ್ಲಗ್ ಕೀಳಬೇಕು.

“ಬ್ಯಾಟರಿಯಲ್ಲಿ ಹೊಗೆಯೇ ಇಲ್ಲ” ಎಂಬ ಮಾತನ್ನೂ ತೂಗಿ ನೋಡಬೇಕು. ನಮ್ಮ ಜಿಲ್ಲೆಯಲ್ಲೇ ವಾರಾಹಿಯ 460 ಮೆಗಾವಾಟಿನ ಜಲವಿದ್ಯುತ್ ಕೇಂದ್ರವಿದೆ. ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವೂ ಇದೆ. ನಮ್ಮ ಪ್ಲಗ್ಗಿಗೆ ಎರಡೂ ಬಗೆಯದು ಬೆರೆತು ಬರುತ್ತದೆ. ನಾರ್ವೆ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಬ್ಯಾಟರಿಯವು. ಅಲ್ಲಿ ಬಹುತೇಕ ವಿದ್ಯುತ್ತು ನೀರಿನದು, ಸರಕಾರವೂ ತೆರಿಗೆ ಬಿಟ್ಟುಕೊಟ್ಟಿತ್ತು. ನಮ್ಮಲ್ಲಿ ಪೇಟೆಯ ಗಾಳಿ ಶುದ್ಧವಾಗುವುದು ನಿಜ. ಪೂರ್ತಿ ಲಾಭ ಮಾಡಿಗೆ ಸೌರಫಲಕ ಹಾಕಿಸಿಕೊಂಡವರಿಗೆ.

ಆರನೆಯದು: ಯಾರಿಗೆ ಯಾವುದು?

ಐದೆಕರೆಯೊಳಗಿನ ಅಡಿಕೆ ತೋಟ, ಪೇಟೆಗೆ 15 ಕಿ.ಮೀ. ಒಳಗೆ ಮನೆ: ಬ್ಯಾಟರಿ ಸ್ಕೂಟರು, ಹೊರೆಗೆ ಬಾಡಿಗೆ. ಶಂಕರಪುರದ ಕಡೆ ಮಲ್ಲಿಗೆ ಕಟ್ಟಿ ದಿನವೂ ಕಟ್ಟೆಗೆ ಕೊಡುವ ಮನೆಗಳಿಗೂ ಇದೇ. ಅಟ್ಟೆ ಮಲ್ಲಿಗೆಗೆ ಪಿಕಪ್ ಯಾಕೆ?

ದಿನವೂ 50 ಕಿ.ಮೀ. ಮೇಲೆ ಖಾಯಂ ಓಡಾಟ, ಮನೆಯಲ್ಲಿ ಒಳ್ಳೆಯ ವೈರಿಂಗ್: ಬ್ಯಾಟರಿ ಕಾರು.

ದಿನವೂ ಸಣ್ಣ ಹೊರೆ, ಒಂದೇ ದಾರಿ, ಸಮತಟ್ಟು ರಸ್ತೆ: ಬ್ಯಾಟರಿಯ ಸಣ್ಣ ಸರಕು ವಾಹನ.

ಹತ್ತೆಕರೆಗೆ ಮೇಲ್ಪಟ್ಟ ತೋಟ, ಗೇಣಿಗೆ ಹಿಡಿದ ತೋಟಗಳು, ಅಥವಾ ಬಾಡಿಗೆಗೆ ಓಡಿಸಲು ಮನೆಯಲ್ಲೇ ಚಾಲಕ ಇರುವವರು: ಡೀಸೆಲ್ ಪಿಕಪ್, ಆದರೆ ನೂರು ಹೊರೆಯ ಲೆಕ್ಕ ಬರೆದು ನೋಡಿದ ಮೇಲೆ.

ಇನ್ನೊಂದು ದಾರಿಯೂ ಇದೆ. ಒಬ್ಬರಿಗೆ ಹದಿನೆಂಟು ಹೊರೆ ಎಂದಾದರೆ ಆರು ಮನೆಗಳಿಗೆ ನೂರೆಂಟು. ಒಂದೇ ಬೈಲಿನ ಆರು ಮನೆಯವರು ಕೂಡಿ ಒಂದು ಪಿಕಪ್ ತೆಗೆದರೆ ಲೆಕ್ಕ ತಟ್ಟನೆ ಸರಿಹೋಗುತ್ತದೆ. ಯಾರ ಹೆಸರಿನಲ್ಲಿ ನೋಂದಣಿ, ಯಾರು ಚಾಲಕ, ಯಾವ ದಿನ ಯಾರ ಸರದಿ, ರಿಪೇರಿಗೆ ಎಷ್ಟು ಪಾಲು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಬಾಯಿಮಾತಿನ ಪಾಲುದಾರಿಕೆ ಮೊದಲ ಪಂಕ್ಚರಿನ ತನಕ ಮಾತ್ರ. ಮಂಗಳೂರಿನಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದೂ ಒಬ್ಬೊಬ್ಬರೇ ಮಾಡಲಾಗದ್ದನ್ನು ಕೂಡಿ ಮಾಡೋಣವೆಂದೇ ಅಲ್ಲವೇ? ಮಾರಾಟಕ್ಕೆ ಸಲ್ಲುವ ಸಹಕಾರ ಸಾಗಾಟಕ್ಕೂ ಸಲ್ಲುತ್ತದೆ.

ಕೊನೆಯದಾಗಿ ಒಂದು ಮನೆಪಾಠ. ವಾಹನದ ಅಂಗಡಿಗೆ ಹೋಗುವ ಮುಂಚೆ ಮೂರು ತಿಂಗಳು ಒಂದು ನೋಟುಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ: ದಿನಾಂಕ, ಹೋದ ಊರು, ಓಡಿದ ಕಿ.ಮೀ., ಕೊಂಡೊಯ್ದ ತೂಕ. ಮನೆಯ ಹೆಂಗಸರು, ಮಕ್ಕಳು ಹೋದದ್ದನ್ನೂ ಬರೆಯಬೇಕು. ಮನೆಯ ಓಡಾಟದಲ್ಲಿ ಅವರ ಪಾಲು ಕಡಿಮೆಯದಲ್ಲ. ಮೂರು ತಿಂಗಳ ಮೇಲೆ ತೂಕದ ಕಲಮಿನಲ್ಲಿ 100 ಕಿಲೋ ಮೀರಿದ ದಿನಗಳೆಷ್ಟು ಎಂದು ಎಣಿಸಿರಿ. ಆ ಪುಸ್ತಕವನ್ನು ಕಚೇರಿಗೆ ತಂದರೆ ಕಂತು, ಬಾಡಿಗೆ, ಯೂನಿಟ್‌ಗಳ ಲೆಕ್ಕವನ್ನು ನಿಮ್ಮೆದುರೇ ಹಾಕಿಕೊಡಲು ನಾವು ಸಿದ್ಧರಿದ್ದೇವೆ. ಸಾಲದ ಅರ್ಜಿಯನ್ನು ಆಮೇಲೆ ಬರೆದರಾಯಿತು.